ಅಟ್ಟಕ್ಕೆ ಗ್ಲಾಸ್ ವೂಲ್ ಹಾಸಿದ ಮೇಲೆ ಸೂರಿನ ಸಂದು ಮುಚ್ಚಬೇಕಾ, ಬಿಡಬೇಕಾ?

ಶೀಟಿನಮನೆ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಕೆಲವು ವರ್ಷದ ಹಿಂದೆ ನಮ್ಮ ತಾರಸಿ ಮೇಲೆ ಒಂದು ದೊಡ್ಡ ರೂಮು ಎತ್ತಿಸಿದೆವು. 20 ಅಡಿ ಅಗಲ, 30 ಅಡಿ ಉದ್ದ, ಒಂದು ಮೂಲೆಯಲ್ಲಿ ಬಾತ್‌ರೂಮು. ಸುತ್ತ ಆರಿಂಚಿನ ಬ್ಲಾಕ್ ಗೋಡೆ, ಮೇಲೆ ಕಬ್ಬಿಣದ ಟ್ರಸ್, ಎರಡೂ ಕಡೆ ಇಳಿಜಾರು, ಕಡುಗೆಂಪು ಬಣ್ಣದ ಶೀಟು. ಕೆಳಗೆ ಜಿಪ್ಸಂ ಫಾಲ್ಸ್ ಸೀಲಿಂಗ್. ಶೀಟಿಗೂ ಸೀಲಿಂಗಿಗೂ ನಡುವೆ ಅಟ್ಟದ ಹಾಗೆ ಜಾಗ ಇದೆ. ನೆತ್ತಿಯ ಹತ್ತಿರ ಬಗ್ಗಿ ಕೂರಬಹುದು, ಸೂರಿನ ಹತ್ತಿರ ಕೈ ಮಾತ್ರ ತೂರುತ್ತದೆ.

ಹೋದ ಬೇಸಿಗೆಯಲ್ಲಿ ಕಾವು ತಡೆಯಲಾರದೆ ಸೀಲಿಂಗ್ ಮೇಲೆ 50 ಮಿಮೀ ಗ್ಲಾಸ್ ವೂಲ್ ಹಾಸಿಸಿದೆವು, ಒಂದು ಕಡೆ ಬೆಳ್ಳಿ ಹಾಳೆ ಇರುವಂಥದ್ದು. ಕೆಲಸದವರು ಉಳಿದ ತುಂಡುಗಳನ್ನೆಲ್ಲ ಸೂರಿನ ಸಂದಿಗೆ, ಅಂದರೆ ಗೋಡೆಯ ತಲೆಗೂ ಶೀಟಿನ ಅಂಚಿಗೂ ನಡುವಿನ ಜಾಗಕ್ಕೆ, ತುರುಕಿಬಿಟ್ಟರು. ತ್ರಿಕೋನ ಗೋಡೆಗಳಲ್ಲಿ ಎರಡು ಜಾಲರಿ ಕಿಂಡಿ ಇದ್ದವು, ಪಾರಿವಾಳದ ಕಾಟ ಅಂತ ಅವಕ್ಕೂ ಶೀಟು ಹೊಡೆದರು. ಕಂಟ್ರಾಕ್ಟರ್ ಹೇಳಿದ್ದು ಇಷ್ಟು: ಎಲ್ಲ ಮುಚ್ಚಿದಷ್ಟೂ ಒಳ್ಳೇದು ಸಾರ್, ಬಿಸಿ ಗಾಳಿ ಒಳಗೆ ಬರಲ್ಲ, ಧೂಳೂ ಬರಲ್ಲ.

ಮಧ್ಯಾಹ್ನದ ಧಗೆ ಕಮ್ಮಿ ಆಗಿದ್ದು ನಿಜ. ಆದರೆ ಈ ಸಂಕ್ರಾಂತಿ ಹಿಂದೆಮುಂದೆ ಹೊಸ ರಾಮಾಯಣ ಶುರುವಾಗಿದೆ. ಬೆಳಗಿನ ಜಾವ ಸೀಲಿಂಗ್ ಮೇಲೆ ಟಪ್ ಟಪ್ ಅಂತ ಹನಿ ಬೀಳುವ ಸದ್ದು. ಮಳೆ ಇಲ್ಲ, ಮೋಡವೂ ಇಲ್ಲ. ಲೈಟುಗಳ ಸುತ್ತ ಹಳದಿ ಬಳೆಯಂಥ ಕಲೆ ಬಂದಿದೆ. ರೂಮಿನ ಬಾಗಿಲು ತೆಗೆದರೆ ಒದ್ದೆ ಗೋಣಿ ವಾಸನೆ. ಇನ್ನೊಂದು, ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ರೂಮು ತಣ್ಣಗಾಗುತ್ತಿರಲಿಲ್ಲ.

ಸ್ನೇಹಿತರೊಬ್ಬರು ಸಂದು ಬಿಚ್ಚಿ ಅನ್ನುತ್ತಾರೆ. ಕಂಟ್ರಾಕ್ಟರ್ ಇನ್ನೊಂದು ಪದರ ಹಾಕಿಸಿ ಅನ್ನುತ್ತಾರೆ. ಭಾವಮೈದ ನೆತ್ತಿ ಮೇಲೆ ತಿರುಗುವ ಟರ್ಬೈನ್ ಕೂರಿಸು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಗಿರಿಗಿಟ್ಲೆ, ಪೀಣ್ಯ

ಟರ್ಬೈನ್ ಹಾಕಿಸಿ, ಮುಗೀತು. ನಮ್ಮ ಶೆಡ್ಡಿಗೆ ಹಾಕಿಸಿದ್ದೇವೆ. ಕರೆಂಟ್ ಬೇಡ, ಗಾಳಿಗೆ ತಾನೇ ತಿರುಗುತ್ತದೆ, ಬಿಸಿಯನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಜಂತೆತೊಲೆ, ಜಯನಗರ

ಟರ್ಬೈನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಶೆಡ್ಡಿಗೆ ಶಟರ್ ಬಾಗಿಲು ಹಗಲೆಲ್ಲ ತೆರೆದಿರುತ್ತದೆ, ಗಾಳಿ ಒಳಗೆ ಬರುವ ದಾರಿ ಅದೇ. ಇವರ ಅಟ್ಟಕ್ಕೆ ಒಳಗೆ ಬರುವ ದಾರಿಯೇ ಇಲ್ಲವಲ್ಲ. ಎಳೆಯುವುದು ಎಲ್ಲಿಂದ? ಸೀಲಿಂಗಿನ ಸಂದುಗಳಿಂದ ರೂಮಿನ ಗಾಳಿಯನ್ನೇ ಎಳೆಯುತ್ತದೆ. ಎಸಿ ಹಾಕಿಕೊಂಡಿದ್ದರೆ ತಂಪಿನ ಜೊತೆ ದುಡ್ಡೂ ಮೇಲೆ ಹೋಗುತ್ತದೆ.

ನಾನು ಕಟ್ಟಡ ಕೆಲಸದಲ್ಲೇ ಇರುವವನು, ಇಂಥ ತಾರಸಿ ರೂಮುಗಳನ್ನು ದಿನಾ ನೋಡುತ್ತೇನೆ. ನಿಮಗಿರುವ ತೊಂದರೆ ಎರಡು. ಒಂದು ನೀರು, ಇನ್ನೊಂದು ಬಿಸಿ. ಎರಡಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಬಿಡಿಬಿಡಿಯಾಗಿ ಹೇಳುತ್ತೇನೆ.

ಮೊದಲು ನೀರು. ಜನವರಿಯ ರಾತ್ರಿ ನಮ್ಮ ಬೆಂಗಳೂರಲ್ಲಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಕಾಶ ಶುಭ್ರವಾಗಿದ್ದರೆ ಶೀಟು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಂಡು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗ್ಗೆ ಬೈಕಿನ ಸೀಟು, ಕಾರಿನ ಗಾಜು ಒದ್ದೆಯಾಗುವುದೂ ಹೀಗೇ. ಈ ಕಡೆ ರೂಮಿನಲ್ಲಿ ಜನ ಮಲಗಿದ್ದಾರೆ, ಉಸಿರಾಡುತ್ತಾರೆ, ಬಾತ್‌ರೂಮಿನ ಹಬೆ ಇದೆ, ಒದ್ದೆ ಟವೆಲ್ ಒಣಗುತ್ತಿದೆ. ಆ ತೇವವೆಲ್ಲ ಲೈಟಿನ ತೂತು, ಜಿಪ್ಸಂ ಬೋರ್ಡಿನ ಅಂಚು ಹಿಡಿದು ಅಟ್ಟಕ್ಕೆ ಏರುತ್ತದೆ. ಗ್ಲಾಸ್ ವೂಲ್ ಗಾಳಿಯನ್ನಾಗಲಿ ಹಬೆಯನ್ನಾಗಲಿ ತಡೆಯುವುದಿಲ್ಲ, ಅದು ತಡೆಯುವುದು ಕಾವನ್ನು ಮಾತ್ರ. ಮೇಲೆ ಹೋದ ಹಬೆ ತಣ್ಣನೆಯ ಶೀಟು ಮುಟ್ಟಿ ನೀರಾಗಿ ತೊಟ್ಟಿಕ್ಕುತ್ತದೆ, ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುತ್ತದಲ್ಲ, ಹಾಗೆ.

ಹಾಗಾದರೆ ವೂಲ್ ಹಾಕಿಸುವ ಮೊದಲು ಯಾಕೆ ಆಗಲಿಲ್ಲ? ಎರಡು ಕಾರಣ. ಮುಂಚೆ ಸೂರಿನ ಸಂದು, ಕಿಂಡಿ ತೆರೆದಿದ್ದವು, ಹಬೆ ನಿಲ್ಲುವ ಮೊದಲೇ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು. ಜೊತೆಗೆ ರೂಮಿನ ಬಿಸುಪು ಸ್ವಲ್ಪ ಮೇಲೆ ಹೋಗಿ ಶೀಟನ್ನು ಚೂರು ಬೆಚ್ಚಗಿಡುತ್ತಿತ್ತು. ಈಗ ವೂಲ್ ಆ ಬಿಸುಪನ್ನು ಕೆಳಗೇ ಹಿಡಿದಿಟ್ಟಿದೆ, ಅಟ್ಟ ಮೊದಲಿಗಿಂತ ತಣ್ಣಗಿದೆ, ಮೇಲಾಗಿ ಬಾಗಿಲು ಹಾಕಿಕೊಂಡಿದೆ. ಅಟ್ಟಕ್ಕೆ ದಪ್ಪ ಹಾಸು ಹಾಕಿದಷ್ಟೂ ಅದರ ಮೇಲೆ ಗಾಳಿ ಆಡಬೇಕಾದ ಅಗತ್ಯ ಜಾಸ್ತಿಯಾಗುತ್ತದೆ. ಚಳಿ ದೇಶಗಳಲ್ಲಿ ಇದನ್ನು ಬಹಳ ಹಿಂದೆಯೇ ಕಂಡುಕೊಂಡು 1940ರ ದಶಕದಿಂದಲೇ ಅಟ್ಟದ ಕಿಂಡಿಗೆ ಅಳತೆ ಗೊತ್ತು ಮಾಡಿದ್ದಾರೆ. ನಮ್ಮಲ್ಲಿ ಈ ಸುದ್ದಿ ಯಾರೂ ಎತ್ತುವುದಿಲ್ಲ. ಯಾಕೆಂದರೆ ಮೊನ್ನೆ ಮೊನ್ನೆಯವರೆಗೆ ಬೆಂಗಳೂರಿನಲ್ಲಿ ಅಟ್ಟ ಅಂದರೆ ಬಾತ್‌ರೂಮಿನ ಮೇಲೆ ಹಳೇ ಪಾತ್ರೆ, ಗೊಂಬೆ ಹಬ್ಬದ ಪೆಟ್ಟಿಗೆ ಇಡುವ ಜಾಗ ಅಷ್ಟೆ.

ಇನ್ನೊಂದು ಪದರ ಹಾಕಿಸಿ ಅನ್ನುವ ಮಾತನ್ನು ಸದ್ಯಕ್ಕೆ ಕಿವಿಗೆ ಹಾಕಿಕೊಳ್ಳಬೇಡಿ. ಈಗಿರುವ ವೂಲೇ ಒದ್ದೆಯಾಗಿದ್ದರೆ ಅದು ಕುಸಿದು ಕೂತಿರುತ್ತದೆ. ಅದು ಕೆಲಸ ಮಾಡುವುದೇ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗಕ್ಕೆ ನೀರು ಕೂತರೆ ದುಡ್ಡು ದಂಡ.

ಈಗ ನೀವು ಮಾಡಬೇಕಾದ್ದು: ಬೆಳಗ್ಗೆ ಆರಕ್ಕೆ ಟ್ರ್ಯಾಪ್ ಡೋರ್ ತೆಗೆದು ಟಾರ್ಚ್ ಹಿಡಿದು ಹತ್ತಿ. ಶೀಟಿನ ತಳಕ್ಕೆ ಅಂಗೈ ಇಟ್ಟು ನೋಡಿ. ಎಲ್ಲ ಕಡೆ ಒಂದೇ ಸಮನೆ ಒದ್ದೆಯಿದ್ದರೆ ಇದು ಇಬ್ಬನಿಯ ಲೆಕ್ಕ. ಸ್ಕ್ರೂ ಇರುವ ಜಾಗದಲ್ಲಿ ಮಾತ್ರ ಗೆರೆ ಇಳಿದಿದ್ದರೆ ಅದು ಹಳೇ ಮಳೆಯ ಸೋರಿಕೆ, ವಾಷರ್ ಹೋಗಿದೆ ಅಂತ. ಹಾಗೇ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಪೈಪು ಎಲ್ಲಿಗೆ ಹೋಗಿದೆ ಅಂತ ತಪ್ಪದೆ ನೋಡಿ. ನನಗೆ ಒಂದು ಅನುಮಾನ ಇದೆ.

ಶೀಟಿನಮನೆ, ವಿಜಯನಗರ

ಹತ್ತಿದೆ ಸಾರ್. ಬನಿಯನ್ ತುಂಬ ಗ್ಲಾಸ್ ವೂಲ್ ಚುಚ್ಚಿಕೊಂಡು ಇಳಿದೆ, ಅದು ಬೇರೆ ಕತೆ.

ಶೀಟಿನ ತಳ ಪೂರ್ತಿ ಒದ್ದೆ. ಬೆರಳಲ್ಲಿ ಎಳೆದರೆ ಗೆರೆ ಬೀಳುವಷ್ಟು. ಬಾತ್‌ರೂಮಿನ ಮೇಲಂತೂ ಸಾಲಾಗಿ ಹನಿ ಜೋತಾಡುತ್ತಿದ್ದವು, ಕೆಳಗಿನ ವೂಲ್ ಚಪ್ಪಟೆಯಾಗಿ ಹಾಸಿಗೆ ಸವೆದ ಹಾಗೆ ಬಿದ್ದಿದೆ. ನಿಮ್ಮ ಅನುಮಾನ ಸರಿ. ಎಕ್ಸಾಸ್ಟ್ ಪೈಪು ಸೀಲಿಂಗ್ ದಾಟಿ ಒಂದು ಅಡಿ ಹೋಗಿ ಅಲ್ಲೇ ನಿಂತಿದೆ! ಗೋಡೆಗೆ ತೂತು ಕೊರೆಯುವ ಗೋಜಿಗೇ ಹೋಗಿಲ್ಲ. ಮಗ ರಾತ್ರಿ ಜಿಮ್ಮಿನಿಂದ ಬಂದು ಅರ್ಧ ಗಂಟೆ ಬಿಸಿನೀರು ಹುಯ್ದುಕೊಳ್ಳುತ್ತಾನೆ. ಆ ಹಬೆಯೆಲ್ಲ ಇಷ್ಟು ದಿನ ನೇರ ಅಟ್ಟಕ್ಕೇ ಹೋಗಿದೆ. ಕಂಟ್ರಾಕ್ಟರ್ ಈಗ ಫೋನ್ ಎತ್ತುತ್ತಿಲ್ಲ.

ಮಾಳಿಗೆಮನೆ, ಮಲ್ಲೇಶ್ವರ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ತಾತನ ಕಾಲದ ಹೆಂಚಿನ ಮನೆ. ಮಂಗಳೂರು ಹೆಂಚು, ತೇಗದ ರೀಪು, ನಡುಮನೆ ಮೇಲೆ ಎರಡು ಗಾಜಿನ ಹೆಂಚು. ಮಕ್ಕಳು ಧೂಳು ಬೀಳುತ್ತೆ, ಬೇಸಿಗೆಯಲ್ಲಿ ಕಾವು ಅಂತ ಗಲಾಟೆ ಮಾಡಿ ರೀಪಿನ ಕೆಳಗೆ ಥರ್ಮಾಕೋಲ್ ಹೊಡೆಸಿ ಮೇಲೆ ಪ್ಲೈವುಡ್ ಹಾಕಿಸೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಈ ಮಾತುಕತೆ ಓದಿದ ಮೇಲಂತೂ ಭಯ ಆಗಿದೆ.

ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ಸೌದೆ ಒಲೆ ಇತ್ತು. ಬೆಳಗ್ಗೆ ಹೊರಗೆ ನಿಂತು ನೋಡಿದರೆ ಹೆಂಚಿನ ಸಂದುಸಂದಿನಿಂದ ಹೊಗೆ ಏಳುತ್ತಿತ್ತು, ಇಡೀ ಸೂರೇ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಸೋರುವುದು ಬೇರೆ ವಿಷಯ. ಆದರೆ ಒಳಗೆ ಹನಿ ಕಟ್ಟಿದ್ದನ್ನು ಒಂದು ದಿನವೂ ನೋಡಿಲ್ಲ.

ಜಂತೆತೊಲೆ, ಜಯನಗರ

ಮಾಳಿಗೆಮನೆ ಅವರೇ, ನಿಮ್ಮ ಮನಸ್ಸು ಹೇಳುತ್ತಿರುವುದು ಸರಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಆ ಮಾದರಿಯ ಹೆಂಚು ಒಂದರ ಮೇಲೊಂದು ಕೊಕ್ಕೆ ಹಾಕಿಕೊಂಡು ಕೂರುತ್ತದೆ, ಗಾರೆ ಬೇಕಿಲ್ಲ. ನೀರು ಜಾರಿ ಹೋಗುತ್ತದೆ, ಗಾಳಿ ನುಸುಳುತ್ತದೆ. ಹೆಂಚು ಸುಟ್ಟ ಮಣ್ಣು, ಚೂರು ತೇವ ಕುಡಿದು ಬಿಸಿಲಿಗೆ ಬಿಡುತ್ತದೆ. ಕಬ್ಬಿಣದ ಶೀಟು ಒಂದು ಹನಿಯನ್ನೂ ಕುಡಿಯುವುದಿಲ್ಲ. ಹಾಗಾಗಿ ಹೆಂಚಿನ ಮನೆಗೆ ಬೇರೆ ಕಿಂಡಿ ಬೇಕಿರಲಿಲ್ಲ.

ಆದರೆ ರೀಪಿಗೆ ಅಂಟಿಸಿ ಥರ್ಮಾಕೋಲ್ ಹೊಡೆದರೆ ಆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಮಳೆಗಾಲದಲ್ಲಿ ಎಲ್ಲೋ ಒಂದು ಹೆಂಚು ಒಡೆದು ಹನಿ ಒಳಗೆ ಬಂದರೆ ನಿಮಗೆ ಗೊತ್ತೂ ಆಗುವುದಿಲ್ಲ. ಥರ್ಮಾಕೋಲ್ ಮೇಲೆ ಹರಿದು ರೀಪಿನ ಬುಡದಲ್ಲಿ ನಿಂತು ಮರವನ್ನು ಕೊಳೆಸುತ್ತದೆ. ಗೆದ್ದಲಿಗೂ ಅದೇ ಬೇಕು. ಸಾಮಾನ್ಯ ಥರ್ಮಾಕೋಲ್ ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಹಳೇ ಮನೆ, ಹಳೇ ವೈರಿಂಗು, ಅದರ ಪಕ್ಕ ಥರ್ಮಾಕೋಲ್. ಬೇಡ.

ಹಾಕಿಸಲೇಬೇಕು ಅಂದರೆ ತೊಲೆಯ ಮಟ್ಟದಲ್ಲಿ ಅಡ್ಡ ಸೀಲಿಂಗ್ ಮಾಡಿಸಿ ಅದರ ಮೇಲೆ ಹಾಸಿಸಿ. ಹಾಸಿಗೂ ಹೆಂಚಿಗೂ ನಡುವಿನ ಜಾಗ ಖಾಲಿ ಇರಲಿ, ಸೂರಿನ ತುದಿಯಲ್ಲಿ ಗಾಳಿ ಬರುವ ದಾರಿ ಇರಲಿ. ಅಟ್ಟಕ್ಕೆ ಹತ್ತಿ ನೋಡಲು ಒಂದು ಬಾಗಿಲು ಬಿಡಿ. ಆದರೆ ಗಾಜಿನ ಹೆಂಚಿನ ಬೆಳಕು ಹೋಗುತ್ತದೆ, ನಡುಮನೆಯ ಎತ್ತರ ಹೋಗುತ್ತದೆ. ನಾನಾಗಿದ್ದರೆ ನಡುಮನೆಯನ್ನು ಹಾಗೇ ಬಿಟ್ಟು ಮಲಗುವ ರೂಮುಗಳಿಗೆ ಮಾತ್ರ ಮಾಡಿಸುತ್ತಿದ್ದೆ.

ಶೀಟಿನಮನೆ ಅವರೇ, ಈಗ ನಿಮ್ಮದು. ಮೊದಲ ಕೆಲಸ ಆ ಎಕ್ಸಾಸ್ಟ್ ಪೈಪು. ಗೋಡೆ ಕೊರೆಸಿ ಪೂರ್ತಿ ಹೊರಗೆ ಬಿಡಿಸಿ. ಸೂರಿನ ಸಂದಿನ ಕೆಳಗೆ ಬಿಡಿಸಬೇಡಿ, ಅದೇ ಹಬೆ ವಾಪಸ್ ಒಳಗೆ ಬರುತ್ತದೆ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ.

ಎರಡನೆಯದು ಸೂರು. ತುರುಕಿದ ವೂಲನ್ನೆಲ್ಲ ಎಳೆದು ತೆಗೆಯಿರಿ. ಲೆಕ್ಕ ಹೇಳುತ್ತೇನೆ. ಅಮೆರಿಕದವರ ನಿಯಮದಲ್ಲಿ ಅಟ್ಟದ ನೆಲದ 150ರಲ್ಲಿ ಒಂದು ಪಾಲು ತೆರಪು ಬೇಕು, ಕೆಲವು ಷರತ್ತು ಪಾಲಿಸಿದರೆ 300ರಲ್ಲಿ ಒಂದು ಪಾಲು ಸಾಕು. ನಿಮ್ಮದು 600 ಚದರಡಿ. ಧಾರಾಳವಾಗಿ ಹಿಡಿದರೂ 4 ಚದರಡಿ. ಅದರಲ್ಲಿ ಅರ್ಧ ಕೆಳಗೆ ಸೂರಿನಲ್ಲಿ, ಇನ್ನರ್ಧ ಮೇಲೆ ನೆತ್ತಿಯ ಹತ್ತಿರ. ಸೂರು ಎರಡೂ ಕಡೆ ಸೇರಿ 60 ಅಡಿ ಉದ್ದ ಇದೆ ಅಲ್ವಾ? ಅಷ್ಟುದ್ದಕ್ಕೂ ಅರ್ಧ ಇಂಚಿಗಿಂತ ಕಮ್ಮಿ ಸಂದು ಇದ್ದರೂ 2 ಚದರಡಿ ಸಿಕ್ಕಿಬಿಡುತ್ತದೆ. ಸೊಳ್ಳೆ ಜಾಲರಿ ಹಾಕಿದರೆ ಗಾಳಿಯ ದಾರಿ ಹೆಚ್ಚುಕಮ್ಮಿ ಅರ್ಧ ಆಗುತ್ತದೆ, ಧೂಳು ಕಟ್ಟಿದರೆ ಇನ್ನೂ ಕಮ್ಮಿ. ಹಾಗಾಗಿ ಒಂದು ಇಂಚು ಬಿಡಿ. ಪಾರಿವಾಳಕ್ಕೆ ಅದು ಸಾಲದು, ಇಲಿಗೆ ಧಾರಾಳ ಸಾಕು. ಆದ್ದರಿಂದ ತೂತು ಸಣ್ಣದಿರುವ ತಂತಿ ಜಾಲರಿ ಹಾಕಿಸಿ, ನೈಲಾನ್ ಬೇಡ, ಇಲಿ ಕಡಿಯುತ್ತದೆ.

ಮೇಲಿನ 2 ಚದರಡಿ ನಿಮ್ಮ ಹಳೇ ಕಿಂಡಿಗಳು. ಹೊಡೆದ ಶೀಟು ಕಿತ್ತು ಜಾಲರಿ ಹಾಕಿಸಿ, ಮಳೆ ಎರಚಲು ಬರದ ಹಾಗೆ ಕೆಳಮುಖದ ಪಟ್ಟಿ ಕೂರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ, ಪಶ್ಚಿಮಕ್ಕೆ ಕಿಂಡಿ ಇದ್ದರೆ ಅದರ ಪಟ್ಟಿ ಇನ್ನೂ ಆಳವಾಗಿರಲಿ.

ಮೂರನೆಯದು ಎಲ್ಲರೂ ಮರೆಯುವಂಥದ್ದು. ಸೂರಿನ ತುದಿಯಲ್ಲಿ ಜಾಗ ಇಕ್ಕಟ್ಟು. ಅಲ್ಲಿ ವೂಲ್ ಉಬ್ಬಿ ಶೀಟಿಗೆ ತಾಗಿಬಿಟ್ಟರೆ ಹೊರಗೆ ಸಂದು ತೆರೆದಿದ್ದೂ ಪ್ರಯೋಜನವಿಲ್ಲ. ಎರಡು ಟ್ರಸ್ ನಡುವೆ ಒಂದೊಂದು ಗಟ್ಟಿ ಹಾಳೆ, ಸಿಮೆಂಟ್ ಬೋರ್ಡಿನ ಪಟ್ಟಿಯಾದರೂ ಆದೀತು, ಓರೆಯಾಗಿ ಕೂರಿಸಿ ವೂಲನ್ನು ಒಳಗೆ ತಡೆದಿಡಿ. ಹಾಳೆಗೂ ಶೀಟಿಗೂ ನಡುವೆ ಕನಿಷ್ಠ 25 ಮಿಮೀ ಗಾಳಿ ಓಡಾಡಬೇಕು.

ನಾಲ್ಕನೆಯದು ಸೀಲಿಂಗಿನ ತೂತುಗಳು. ಲೈಟಿನ ಸುತ್ತ, ವೈರ್ ಹಾದುಹೋಗುವ ಕಡೆ, ಟ್ರ್ಯಾಪ್ ಡೋರಿನ ಅಂಚು ಎಲ್ಲ ಸೀಲ್ ಮಾಡಿಸಿ. ಸಂದು ಬಿಡಬೇಕಾದ್ದು ಹೊರಗಿನ ಸೂರಿಗೆ, ಮುಚ್ಚಬೇಕಾದ್ದು ಒಳಗಿನ ಸೀಲಿಂಗಿಗೆ. ನಿಮ್ಮಲ್ಲಿ ಉಲ್ಟಾ ಆಗಿದೆ. ಎಲ್‌ಇಡಿ ಡ್ರೈವರ್‌ಗಳು, ಅಂದರೆ ಲೈಟಿಗೆ ಕರೆಂಟ್ ಹೊಂದಿಸಿ ಕೊಡುವ ಪುಟ್ಟ ಡಬ್ಬಿಗಳು, ವೂಲಿನ ಅಡಿಯಲ್ಲಿ ಹೂತಿದ್ದರೆ ಮೇಲಕ್ಕೆ ಎತ್ತಿಡಿ, ಬಿಸಿಯಾಗಿ ಬೇಗ ಕೈಕೊಡುತ್ತವೆ. ಎಸಿಯ ದಪ್ಪ ವೈರು ವೂಲಿನೊಳಗೆ ಮುಳುಗಿದ್ದರೆ ಅದನ್ನೂ ಹೊರಗೆ ಎಳೆಸಿ.

ಸುಣ್ಣದ ಬಕೆಟ್, ಯಲಹಂಕ

ಇಷ್ಟೆಲ್ಲ ಯಾಕೆ? ಶೀಟಿನ ಮೇಲೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿದರೆ ಆಯ್ತಲ್ಲ. ನಮ್ಮ ಶೀಟು ಮಧ್ಯಾಹ್ನ ಮುಟ್ಟಲು ಆಗುತ್ತಿರಲಿಲ್ಲ, ಈಗ ಬರಿಗಾಲಲ್ಲಿ ಓಡಾಡಬಹುದು. ಅದೂ ಕಡುಗೆಂಪು ಶೀಟಂತೆ, ಬಿಸಿಲು ಕುಡಿಯಲಿ ಅಂತಲೇ ತಂದಂತಿದೆ.

ಜಂತೆತೊಲೆ, ಜಯನಗರ

ಬಿಸಿಗೆ ಒಳ್ಳೆಯ ಮದ್ದು, ಒಪ್ಪುತ್ತೇನೆ. ಇವರ ಎರಡನೇ ತೊಂದರೆಗೆ ಅದೂ ಬೇಕು. ಆದರೆ ಬಿಳಿ ಬಣ್ಣ ಹಗಲಿನ ಬಿಸಿಲನ್ನು ವಾಪಸ್ ಕಳಿಸುತ್ತದೆಯೇ ಹೊರತು ರಾತ್ರಿ ಶೀಟು ತಣ್ಣಗಾಗುವುದನ್ನು ತಡೆಯುವುದಿಲ್ಲ. ಹನಿ ಹಾಗೇ ಬೀಳುತ್ತದೆ. ಬೆಂಗಳೂರಿನ ಧೂಳಿಗೆ ಬಿಳುಪು ಬೇಗ ಮಾಸುತ್ತದೆ, ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ತೊಳೆಯಬೇಕು. ಅಂದಹಾಗೆ ಶೀಟಿನ ಮೇಲೆ ಓಡಾಡಬೇಡಿ ಮಾರಾಯರೇ, ಬರಿಗಾಲಲ್ಲೂ ಬೇಡ. ಸ್ಕ್ರೂ ಸುತ್ತ ಬಗ್ಗಿ ಸೋರಲು ಶುರುವಾಗುತ್ತದೆ.

ಬಿಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗಾಳಿ ಆಡಿದರೆ ರೂಮು ತಣ್ಣಗಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಅರ್ಧ ಸತ್ಯ. 2016ರ ಏಪ್ರಿಲ್‌ನಲ್ಲಿ ನಮ್ಮ ಊರಲ್ಲಿ 39.2 ಡಿಗ್ರಿ ಮುಟ್ಟಿತ್ತು. ಅಂಥ ಬಿಸಿಲಿಗೆ ಕಡುಬಣ್ಣದ ಶೀಟು 60 ಡಿಗ್ರಿ ದಾಟುತ್ತದೆ. ಕಾದ ಶೀಟಿನಿಂದ ಸೀಲಿಂಗಿಗೆ ಕಾವು ಇಳಿಯುವುದು ಹೆಚ್ಚಾಗಿ ಗಾಳಿಯ ಮೂಲಕವಲ್ಲ, ಕಿರಣದ ಮೂಲಕ. ಬಿಸಿ ಗಾಳಿ ಮೇಲೇ ನಿಂತುಕೊಳ್ಳುತ್ತದೆ, ಕಿರಣ ನೇರ ಕೆಳಗೆ ಬರುತ್ತದೆ. ಅಟ್ಟದಲ್ಲಿ ಎಷ್ಟೇ ಗಾಳಿ ಆಡಿಸಿದರೂ ಆ ಕಿರಣ ನಿಲ್ಲುವುದಿಲ್ಲ. ಟರ್ಬೈನ್ ಹಾಕಿಸಿದವರು ಏಪ್ರಿಲ್‌ನಲ್ಲಿ ಬೇಜಾರಾಗುವುದು ಇದಕ್ಕೇ. ಅದರ ಮೇಲೆ ಏಪ್ರಿಲ್ ಮಧ್ಯಾಹ್ನ ಎಲೆ ಅಲ್ಲಾಡದಿದ್ದರೆ ಟರ್ಬೈನೂ ಸುಮ್ನೆ ಕೂತಿರುತ್ತದೆ. ಇನ್ನೊಂದು ಆಟ ಇದೆ: ನೆತ್ತಿಯಲ್ಲಿ ಟರ್ಬೈನ್, ಪಕ್ಕದಲ್ಲೇ ಕಿಂಡಿ ಇದ್ದರೆ ಗಾಳಿ ಹತ್ತಿರದ ಕಿಂಡಿಯಿಂದ ನುಗ್ಗಿ ಟರ್ಬೈನಿನಿಂದ ಹೊರಗೆ ಹೋಗುತ್ತದೆ. ಸೂರಿನ ಕಡೆಯ ಗಾಳಿ ಮಿಸುಕುವುದೇ ಇಲ್ಲ.

ಕಿರಣಕ್ಕೆ ಮದ್ದು ಬಿಳಿ ಬಣ್ಣ, ವೂಲ್ ಮತ್ತು ಬೆಳ್ಳಿ ಹಾಳೆ. ಬೆಳ್ಳಿ ಹಾಳೆ ಕೆಲಸ ಮಾಡಬೇಕಾದರೆ ಅದರ ಮುಂದೆ ಖಾಲಿ ಜಾಗ ಇರಬೇಕು. ನಿಮ್ಮ ಗ್ಲಾಸ್ ವೂಲಿನ ಹಾಳೆ ಯಾವ ಕಡೆಗೆ ಇದೆ, ಮೇಲಕ್ಕೋ ಕೆಳಕ್ಕೋ?

ಶೀಟಿನಮನೆ, ವಿಜಯನಗರ

ಮೇಲಕ್ಕೆ ಸಾರ್. ಆಗಲೇ ಅದರ ಮೇಲೆ ಧೂಳು ಕೂತಿದೆ, ಬೆಳ್ಳಿ ಕಾಣುವುದೇ ಇಲ್ಲ.

ಜಂತೆತೊಲೆ, ಜಯನಗರ

ಧೂಳು ಕೂತ ಹಾಳೆ ಮಾಮೂಲಿ ಹಾಳೆ ಇದ್ದ ಹಾಗೆ, ಹೊಳಪು ಹೋದರೆ ಗುಣವೂ ಹೋಯಿತು. ಅದಕ್ಕಿಂತ ತೊಂದರೆ ಅಂದರೆ ಹಬೆ ಕೆಳಗಿನಿಂದ ವೂಲಿನೊಳಗೆ ಏರಿ ಆ ಹಾಳೆಯ ತಳದಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದೆಯಾದ ತುಂಡುಗಳನ್ನು ಹೇಗೂ ತೆಗೆಯಬೇಕು. ಉಳಿದದ್ದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಳೆ ಕೆಳಗೆ ಬರುವ ಹಾಗೆ ಮಗುಚಿ ಹಾಸಿ. ಆಗ ರೂಮಿನ ಹಬೆಯನ್ನು ಅದು ಕೆಳಗೇ ತಡೆಯುತ್ತದೆ, ಅಂಚುಗಳಿಗೆ ಬೆಳ್ಳಿ ಟೇಪ್ ಅಂಟಿಸಿದರೆ ಇನ್ನೂ ಒಳ್ಳೆಯದು. ಕಿರಣಕ್ಕೆ ಬೇರೆ ಹಾಳೆಯೊಂದನ್ನು ಪರ್ಲಿನ್‌ಗಳ (ಟ್ರಸ್ ಮೇಲೆ ಶೀಟು ಹೊರುವ ಅಡ್ಡ ಕಬ್ಬಿಣಗಳ) ತಳಕ್ಕೆ ಎಳೆದು ಕಟ್ಟಿಸಿ, ಹೊಳೆಯುವ ಮುಖ ನೆಲ ನೋಡುವ ಹಾಗೆ. ಕೆಳಮುಖಕ್ಕೆ ಧೂಳು ಕೂರುವುದಿಲ್ಲ. ಹಾಳೆಗೂ ಶೀಟಿಗೂ ನಡುವೆ ಪರ್ಲಿನ್ ದಪ್ಪದಷ್ಟು ಜಾಗ ಸಿಗುತ್ತದೆ, ಅದರ ಎರಡೂ ತುದಿ, ಅಂದರೆ ಸೂರಿನ ಕಡೆ ಮತ್ತು ನೆತ್ತಿಯ ಕಡೆ, ಅರ್ಧ ಅಡಿ ಬಿಟ್ಟಿರಲಿ. ಶೀಟಿನಲ್ಲಿ ಹನಿ ಕಟ್ಟಿದರೂ ವೂಲಿನ ಮೇಲೆ ಬೀಳದೆ ಹಾಳೆ ಮೇಲೆ ಜಾರಿ ಸೂರಿಗೆ ಹೋಗುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಸಂದು ತೆರೆದ ಮೇಲೂ ಡಿಸೆಂಬರ್ ಜನವರಿಯ ಮಂಜು ಕವಿದ ಬೆಳಗಿನಲ್ಲಿ ಸ್ವಲ್ಪ ಹನಿ ಕಟ್ಟಿಯೇ ಕಟ್ಟುತ್ತದೆ. ಆಗ ಹೊರಗಿನ ಗಾಳಿಯೇ ತೇವ. ಬಿಸಿಲು ಬಂದ ಮೇಲೆ ಗಾಳಿ ಆಡಿ ಅದು ಒಣಗಿಹೋಗಬೇಕು, ದಿನವಿಡೀ ನಿಲ್ಲಬಾರದು, ಅಷ್ಟೇ ಗುರಿ.

ಸಂಖ್ಯೆ ಬೇಕು ಅನ್ನುವವರಿಗೆ: ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಇಂಧನ ಉಳಿತಾಯದ ನಿಯಮಾವಳಿ, ಇಕೋ ನಿವಾಸ್ ಸಂಹಿತೆಯಲ್ಲಿ, ಚಾವಣಿಯ ಯು ಮೌಲ್ಯ, ಅಂದರೆ ಅದು ಎಷ್ಟು ಕಾವು ದಾಟಲು ಬಿಡುತ್ತದೆ ಅನ್ನುವ ಅಳತೆ, 1.2 ದಾಟಬಾರದು ಅಂತ ಹೇಳಿದ್ದಾರೆ. ಕಮ್ಮಿ ಇದ್ದಷ್ಟೂ ಒಳ್ಳೆಯದು. ಬರಿ ಆರಿಂಚಿನ ಆರ್‌ಸಿಸಿ ತಾರಸಿ 3ಕ್ಕಿಂತ ಜಾಸ್ತಿ. ಒಣಗಿದ 50 ಮಿಮೀ ಗ್ಲಾಸ್ ವೂಲ್ ಇರುವ ನಿಮ್ಮ ಚಾವಣಿ 1ಕ್ಕಿಂತ ಕೆಳಗೆ ಬರುತ್ತದೆ. ಇನ್ನೊಂದು ಪದರ ಬೇಕಿಲ್ಲ ಅಂದದ್ದು ಇದಕ್ಕೇ.

ಇನ್ನು ರಾತ್ರಿ ಹತ್ತರ ಧಗೆ. ಅದಕ್ಕೆ ಚಾವಣಿಯನ್ನು ಬೈಯಬೇಡಿ. ಶೀಟು ತೆಳು, ಬಿಸಿಲು ಹೋದ ಸ್ವಲ್ಪ ಹೊತ್ತಿಗೆ ತಣ್ಣಗಾಗಿಬಿಡುತ್ತದೆ. ರಾತ್ರಿವರೆಗೆ ಕಾವು ಹಿಡಿದಿಡುವುದು ಗೋಡೆ ಮತ್ತು ಕೆಳಗಿನ ಆರ್‌ಸಿಸಿ. ನಿಮ್ಮ 30 ಅಡಿಯ ಗೋಡೆ ಪಶ್ಚಿಮಕ್ಕಿದೆಯಾ?

ಶೀಟಿನಮನೆ, ವಿಜಯನಗರ

ಇಲ್ಲ, ಪಶ್ಚಿಮಕ್ಕೆ 20 ಅಡಿಯ ತ್ರಿಕೋನ ಗೋಡೆ. ಆದರೆ ಪಕ್ಕದಲ್ಲಿ ಯಾವ ಮನೆಯೂ ಅಷ್ಟೆತ್ತರ ಇಲ್ಲ, ಮಧ್ಯಾಹ್ನ ಎರಡರಿಂದ ಮುಳುಗುವವರೆಗೆ ನೇರ ಬಿಸಿಲು. ನಿನ್ನೆ ರಾತ್ರಿ ಊಟ ಆದ ಮೇಲೆ ನಾಲ್ಕೂ ಗೋಡೆಗೆ ಕೈ ಇಟ್ಟು ನೋಡಿದೆ. ಫೆಬ್ರವರಿಯಲ್ಲೇ ಪಶ್ಚಿಮದ ಗೋಡೆ ಬೆಚ್ಚಗಿದೆ, ಉಳಿದ ಮೂರು ತಣ್ಣಗಿವೆ. ಸೀಲಿಂಗೂ ತಣ್ಣಗಿದೆ. ಹೆಂಡತಿ ಏನ್ರೀ ಇದು, ಗೋಡೆಗೆ ಜ್ವರ ನೋಡ್ತಿದೀರಾ ಅಂದಳು.

ಜಂತೆತೊಲೆ, ಜಯನಗರ

ಅಲ್ಲಿಗೆ ಕಳ್ಳ ಸಿಕ್ಕ. ಆ ಗೋಡೆಗೆ ಹೊರಗಿನಿಂದ ನೆರಳು ಮಾಡಿ. ಹಸಿರು ಬಲೆ ಕಟ್ಟಿ, ಬಳ್ಳಿ ಹಬ್ಬಿಸಿ, ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ಒಳಗಡೆಯಿಂದ ಏನು ಅಂಟಿಸಿದರೂ ಇಷ್ಟು ಫಲ ಸಿಗುವುದಿಲ್ಲ.

ಸೂರಿನ ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಬಿಸಿಲಿರುವಾಗ ಏಣಿ ಹಾಕಿ ಹೊರಗಿನಿಂದ ಸೂರಿನ ಸಂದಿಗೆ ಊದಿನಕಡ್ಡಿ ಹಿಡಿಯಿರಿ. ವೂಲಿಗೆ ತಾಗಿಸಬೇಡಿ, ಹಾಳೆಗೆ ಬೆಂಕಿ ಹತ್ತೀತು. ಹೊಗೆ ಒಳಗೆ ಎಳೆದುಕೊಂಡರೆ ಸರಿ. ಆಮೇಲೆ ರೂಮಿನೊಳಗೆ ಲೈಟಿನ ಅಂಚಿಗೆ ಹಿಡಿಯಿರಿ. ಅಲ್ಲಿ ಹೊಗೆ ನೆಟ್ಟಗೆ ನಿಂತು ಹರಡಿಕೊಳ್ಳಬೇಕು, ತೂತಿನೊಳಗೆ ನುಗ್ಗಿದರೆ ಅಲ್ಲಿ ಇನ್ನೂ ಸೀಲ್ ಆಗಿಲ್ಲ ಅಂತ.

ಗಿರಿಗಿಟ್ಲೆ, ಪೀಣ್ಯ

ಆಯ್ತಪ್ಪಾ, ಟರ್ಬೈನ್ ವಾಪಸ್ ತಗೊಂಡೆ. ಆದರೂ ಮನೆಗೆ ಕರೆಂಟ್ ಎಕ್ಸಾಸ್ಟ್ ಫ್ಯಾನ್ ಒಂದು ಅಟ್ಟಕ್ಕೆ ಹಾಕಿದರೆ? ಗಾಳಿ ಬೀಸುವುದನ್ನು ಕಾಯಬೇಕಿಲ್ಲ.

ಜಂತೆತೊಲೆ, ಜಯನಗರ

ಬೇಡ. ಸೀಲಿಂಗ್ ಪಕ್ಕಾ ಸೀಲ್ ಆಗಿರದಿದ್ದರೆ ಫ್ಯಾನು ರೂಮಿನ ಗಾಳಿಯನ್ನೇ ಜಾಸ್ತಿ ಎಳೆಯುತ್ತದೆ. ಪಕ್ಕಾ ಸೀಲ್ ಆಗಿದ್ದರೆ ಫ್ಯಾನಿನ ಅಗತ್ಯವೇ ಇಲ್ಲ.

ಹೊಂಗೆನೆರಳು, ಕೆಂಗೇರಿ

ನಮ್ಮದೂ ಹೆಚ್ಚುಕಮ್ಮಿ ಇದೇ ಕತೆ, ಆದರೆ ಮೇಲಿರುವುದು ಹಳೇ ಸಿಮೆಂಟ್ ಶೀಟು, ಕಲ್ನಾರಿನದು. ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಿ ವೂಲ್ ಹಾಸಬೇಕು ಅಂತಿದ್ದೇವೆ. ಕೆಲಸದವರು ಗಾಳಿಗೆ ಬೇಕಾದರೆ ನೆತ್ತಿಯಲ್ಲಿ ಶೀಟು ಕೊಯ್ದು ತೂತು ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಬಹುದಾ?

ಜಂತೆತೊಲೆ, ಜಯನಗರ

ಬೇಡವೇ ಬೇಡ. ಕಲ್ನಾರು ಶೀಟು ತನ್ನ ಪಾಡಿಗೆ ಗಟ್ಟಿಯಾಗಿ ಇರುವಾಗ ತೊಂದರೆ ಕಮ್ಮಿ. ಕೊಯ್ದಾಗ, ಕೊರೆದಾಗ, ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಏಳುತ್ತವೆ, ಅವು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಕಾಯಿಲೆ ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಮಾಡುತ್ತೇವೆ ಅಂದರೂ ಒಪ್ಪಬೇಡಿ, ಟವೆಲ್ ಅದನ್ನು ತಡೆಯುವುದಿಲ್ಲ. ವೈರ್ ಬ್ರಷ್ ಹಾಕಿ ಉಜ್ಜಿ ಪೇಂಟ್ ಮಾಡಿಸುವುದೂ ಬೇಡ.

ಶೀಟು ಮುಟ್ಟದೆಯೇ ಕೆಲಸ ಆಗುತ್ತದೆ. ಎರಡೂ ತ್ರಿಕೋನ ಗೋಡೆಗಳಲ್ಲಿ ನೆತ್ತಿಗೆ ಹತ್ತಿರ ಇಟ್ಟಿಗೆ ಬಿಡಿಸಿ ಜಾಲರಿ ಕೂರಿಸಿ. ಅಲೆಅಲೆ ಶೀಟು ಗೋಡೆ ಮೇಲೆ ಕೂತ ಕಡೆ ಅಲೆಯ ಅಡಿಯಲ್ಲಿ ಸಂದು ಇದ್ದೇ ಇರುತ್ತದೆ, ಅದಕ್ಕೆ ಗಾರೆ ಮೆತ್ತಿದ್ದರೆ ಗಾರೆಯನ್ನು ಮಾತ್ರ ನಿಧಾನವಾಗಿ ಬಿಡಿಸಿ, ಶೀಟಿನ ಅಂಚು ಮುರಿಯದ ಹಾಗೆ ನೋಡಿಕೊಳ್ಳಿ. ಗಾರೆ ಶೀಟಿಗೆ ಕಚ್ಚಿಕೊಂಡಿದ್ದರೆ ಅದನ್ನೂ ಬಿಟ್ಟು ಗೋಡೆಯಲ್ಲೇ ಕೆಳಗೆ, ಸೀಲಿಂಗ್ ಮಟ್ಟಕ್ಕಿಂತ ಚೂರು ಮೇಲೆ, ಸಾಲಾಗಿ ಪೈಪಿನ ತುಂಡು ಹಾಕಿಸಿ. ಹೊರಗಡೆಗೆ ಇಳಿಜಾರು, ಬಾಯಿಗೆ ತಂತಿ ಜಾಲರಿ. ಯುಗಾದಿ ಆದಮೇಲೆ ಗುಡುಗು ಮಳೆ ಯಾವಾಗ ಬೇಕಾದರೂ ಬರುತ್ತದೆ, ಅಷ್ಟರೊಳಗೆ ಗೋಡೆ ಕೆಲಸ ಮುಗಿಸಿ ವೂಲ್ ಆಮೇಲೆ ತರಿಸಿ.